ಮುಖ ಕಾಣದ ಮೇಷ್ಟ್ರಿಗೆ ಮೈಕ್ ಆನ್ ಮಾಡೋರು ಯಾರು?

ಫೋನ್ ಇಲ್ಲ, ನೆಟ್‌ವರ್ಕ್ ಇಲ್ಲ, ಆಸಕ್ತಿ ಇಲ್ಲ. ಹಳ್ಳಿ ಮಕ್ಕಳು ಆನ್‌ಲೈನ್ ಪಾಠದಲ್ಲಿ ಯಾಕೆ ತುಟಿ ಬಿಚ್ಚಲಿಲ್ಲ ಅಂತ ಯಾರನ್ನೇ ಕೇಳಿ, ಈ ಮೂರು ಉತ್ತರ ಸಿದ್ಧವಾಗಿರುತ್ತವೆ. ಮೊದಲ ಎರಡು ಅರ್ಧ ನಿಜ. ಮೂರನೆಯದು ಸುಳ್ಳು, ಅದೂ ಸೋಮಾರಿಗಳ ಸುಳ್ಳು. ಯಾರೂ ಹೇಳದ ನಾಲ್ಕನೆಯದೊಂದು ಇದೆ: ಪರಿಚಯ. ಒಂದೇ ಬೆಂಚಿನಲ್ಲಿ ಕೂತು, ಒಂದೇ ಬಸ್ಸಿನಲ್ಲಿ ಜೋತಾಡಿ, ಒಂದೇ ಟಿಫನ್ ಡಬ್ಬಿಗೆ ಕೈ ಹಾಕಿದವರು ಆನ್‌ಲೈನಿನಲ್ಲೂ ಮಾತಾಡಿದರು. ಒಬ್ಬರ ಮುಖ ಒಬ್ಬರು ನೋಡದವರು ಹಾಜರಿ ಹಾಕಿಸಿಕೊಂಡು ಸುಮ್ಮನಾದರು. ಇದನ್ನು ಒಪ್ಪದೆ ಸರ್ಕಾರ ಇನ್ನೆಷ್ಟು ಟ್ಯಾಬ್ ಹಂಚಿದರೂ, ಕಂಪನಿಗಳು ಇನ್ನೆಷ್ಟು ಆ್ಯಪ್ ತಂದರೂ ನಮ್ಮ ಕಡೆಯ ಮಕ್ಕಳ ಮೈಕ್ ಮ್ಯೂಟ್‌ನಲ್ಲೇ ಇರುತ್ತದೆ.

ನಾವು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ದಿನಾ ಬಸ್ಸು ಹಿಡಿದು ಹೋಗಿ ಪತ್ರಿಕೋದ್ಯಮ ಓದಿದವರು. ನಮ್ಮಲ್ಲಿ ಕೆಲವರು ಕೊನೆಯ ಸೆಮಿಸ್ಟರ್‌ಗಳನ್ನು ಫೋನಿನಲ್ಲಿ ಮುಗಿಸಿದೆವು. ನಮ್ಮ ಹಿಂದಿನ ಬ್ಯಾಚಿನವರು ಮೊದಲ ಸೆಮಿಸ್ಟರನ್ನೇ ಫೋನಿನಲ್ಲಿ ಶುರು ಮಾಡಿದರು. ಅದೇ ಉಪನ್ಯಾಸಕರು, ಅದೇ ಆ್ಯಪ್, ಅದೇ ಟವರ್. ನಮ್ಮ ಕ್ಲಾಸಿನಲ್ಲಿ ಪಾಠ ನಿಲ್ಲಿಸಿ ಜಗಳ ಆಗುತ್ತಿತ್ತು, ಹಿಂದಿನ ಬೆಂಚಿನವನು ಫೋನಿನಲ್ಲೂ ಹಿಂದಿನ ಬೆಂಚಿನವನೇ ಆಗಿದ್ದ, ಯಾರಾದರೂ ಎರಡು ದಿನ ಕಾಣದಿದ್ದರೆ "ಏನ್ಲಾ, ಎಲ್ಲಿ ಸತ್ತೋದೆ?" ಅಂತ ಮೂರು ಕಡೆಯಿಂದ ಫೋನ್ ಹೋಗುತ್ತಿತ್ತು. ಅವರ ಕ್ಲಾಸಿನಲ್ಲಿ ಹೆಸರಿನ ಮೊದಲಕ್ಷರ ಹೊತ್ತ ಕಪ್ಪು ಚೌಕಗಳು. ಸರ್ "ಅರ್ಥ ಆಯ್ತಾ?" ಎಂದರೆ ಒಂದಷ್ಟು ಹೊತ್ತು ಮೌನ, ಆಮೇಲೆ ಚಾಟ್‌ನಲ್ಲಿ ಒಂದು "ಎಸ್ ಸರ್", ಅದನ್ನು ನೋಡಿ ಇನ್ನೊಂದಿಷ್ಟು "ಎಸ್ ಸರ್". ಆ ಹುಡುಗ ಹುಡುಗಿಯರು ನಮಗಿಂತ ದಡ್ಡರಾಗಿರಲಿಲ್ಲ, ಕೆಲವರು ನಮಗಿಂತ ಜಾಣರೇ. ನಮಗೆ ಸಿಕ್ಕಿದ್ದ ಕ್ಯಾಂಟೀನು, ಬಸ್‌ಸ್ಟ್ಯಾಂಡು, ಲೈಬ್ರರಿ ಮೆಟ್ಟಿಲು ಅವರಿಗೆ ಸಿಕ್ಕಿರಲಿಲ್ಲ ಅಷ್ಟೆ.

ಕ್ಲಾಸಿನಲ್ಲಿ ಪ್ರಶ್ನೆ ಕೇಳುವುದು ಅಂದರೆ ಏನು? ನನಗೆ ಗೊತ್ತಿಲ್ಲ ಅಂತ ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವುದು. ಆ ನಾಲ್ಕು ಜನ ಯಾರು ಅಂತ ಗೊತ್ತಿದ್ದರೆ ಒಪ್ಪಿಕೊಳ್ಳಬಹುದು. ಕನ್ನಡ ಮಾಧ್ಯಮದಿಂದ ಬಂದ, ಇಂಗ್ಲಿಷ್ ಪದ ತಪ್ಪಿ ಉಚ್ಚರಿಸುವ ಭಯವಿರುವ ಹುಡುಗಿಗೆ, ತೆರೆಯ ಆಚೆ ಇರುವ ಐವತ್ತು ಮಂದಿಯಲ್ಲಿ ನಗುವವರು ಯಾರು, ಸ್ಕ್ರೀನ್‌ಶಾಟ್ ತೆಗೆಯುವವರು ಯಾರು ಅಂತ ಗೊತ್ತಿಲ್ಲದಿದ್ದರೆ ಅವಳು ಯಾವ ಧೈರ್ಯದ ಮೇಲೆ ಮೈಕ್ ಆನ್ ಮಾಡಬೇಕು? ನಮ್ಮ ಬ್ಯಾಚಿನಲ್ಲಿ ಅಧಿಕೃತ ವಾಟ್ಸಾಪ್ ಗ್ರೂಪ್ ಒಂದಿತ್ತು. ಅದರಲ್ಲಿ ಗುಡ್ ಮಾರ್ನಿಂಗ್, ಪಿಡಿಎಫ್, ಹೆಬ್ಬೆರಳು. ಅದರ ಬೆನ್ನಿಗೆ ನಾಲ್ಕು ಜನ, ಐದು ಜನರ ಪುಟ್ಟ ಗ್ರೂಪುಗಳಿದ್ದವು. ಅಸಲಿ ಓದು ನಡೆದದ್ದು ಅಲ್ಲಿ. "ಸರ್ ಹೇಳಿದ್ದು ನಿಂಗೇನಾದ್ರೂ ತಲೆಗೆ ಹೋಯ್ತಾ?" ಎಂಬ ಒಂದು ವಾಯ್ಸ್ ಮೆಸೇಜಿನಿಂದ ರಾತ್ರಿ ಹನ್ನೊಂದರವರೆಗೆ ಚರ್ಚೆ. ಆ ಪುಟ್ಟ ಗ್ರೂಪುಗಳನ್ನು ಯಾವ ಇಲಾಖೆಯೂ ರಚಿಸಲಿಲ್ಲ, ಕಾಲೇಜು ಮೊದಲೇ ರಚಿಸಿಬಿಟ್ಟಿತ್ತು. ಕಾಲೇಜು ಅಂದರೆ ಅದರ ಆಡಳಿತವಲ್ಲ, ಅದರ ಕಟ್ಟೆ.

ಇದು ನಮ್ಮೊಬ್ಬರ ಅನುಭವ ಅನ್ನುವವರಿಗೆ ಒಂದಿಷ್ಟು ಅಂಕಿ. 2020ರ ಸೆಪ್ಟೆಂಬರ್‌ನಲ್ಲಿ ದೇಶದ ಹಳ್ಳಿಗಳಲ್ಲಿ ಅಸರ್ ಸಂಸ್ಥೆ ಫೋನ್ ಮೂಲಕ ನಡೆಸಿದ ಸಮೀಕ್ಷೆಯಲ್ಲಿ, ಶಾಲೆಗೆ ದಾಖಲಾದ ಮಕ್ಕಳಲ್ಲಿ ಶೇ. 61.8ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. 2018ರಲ್ಲಿ ಇದ್ದದ್ದು ಶೇ. 36.5. ಆದರೆ ಸಮೀಕ್ಷೆಯ ಹಿಂದಿನ ವಾರದಲ್ಲಿ ಶಾಲೆಯಿಂದ ಏನಾದರೂ ಕಲಿಕಾ ಸಾಮಗ್ರಿ ತಲುಪಿದ್ದು ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ. ಫೋನ್ ಬಂತು, ಪಾಠ ಬರಲಿಲ್ಲ. ಅದೇ ತಿಂಗಳು ಹೊರಬಂದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ, ಮಾತಾಡಿಸಿದ ಸರ್ಕಾರಿ ಶಾಲಾ ಶಿಕ್ಷಕರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ, ಆನ್‌ಲೈನಿನಲ್ಲಿ ಮಕ್ಕಳ ಜೊತೆ ಭಾವನಾತ್ಮಕ ನಂಟು ಉಳಿಸಿಕೊಳ್ಳಲು ಆಗುತ್ತಿಲ್ಲ ಎಂದರು. ಶಿಕ್ಷಕರೇ ಹೇಳಿದ ಮಾತು ಇದು, ನಾವು ಹೇಳಿದ್ದಲ್ಲ. ಒಂದು ವರ್ಷ ಕಳೆದ ಮೇಲೆ, 2021ರ ಆಗಸ್ಟ್‌ನಲ್ಲಿ, ಜ್ಯಾಂ ದ್ರೇಜ್ ಮತ್ತಿತರರ ತಂಡ ಹದಿನೈದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಬಡ ಬಡಾವಣೆ, ಹಳ್ಳಿಗಳಲ್ಲಿ ಸುಮಾರು 1,400 ಮಕ್ಕಳನ್ನು ಕಂಡಿತು. ಹಳ್ಳಿಯ ಮಕ್ಕಳಲ್ಲಿ ನಿಯಮಿತವಾಗಿ ಆನ್‌ಲೈನಿನಲ್ಲಿ ಓದುತ್ತಿದ್ದವರು ಶೇ. 8. ಏನೂ ಓದದೇ ಇದ್ದವರು ಶೇ. 37.

2020ರ ಜೂನ್ ಪೂರ್ತಿ ಬೆಂಗಳೂರಿನಲ್ಲಿ ನಡೆದ ಚರ್ಚೆ ನೆನಪಿದೆಯೇ? ಎಲ್‌ಕೆಜಿ ಮಕ್ಕಳಿಗೆ ಆನ್‌ಲೈನ್ ಕ್ಲಾಸ್ ಬೇಕೇ ಬೇಡವೇ, ಕಣ್ಣಿಗೆ ತೊಂದರೆಯೇ, ದಿನಕ್ಕೆ ಎಷ್ಟು ತಾಸು. ಸರ್ಕಾರ ನಿಷೇಧಿಸಿತು, ಜುಲೈ 8ರಂದು ಹೈಕೋರ್ಟ್ ತಡೆ ಕೊಟ್ಟಿತು, ಟಿವಿಯವರಿಗೆ ಹಬ್ಬ. ಆ ಹೊತ್ತಿಗೆ ನಮ್ಮ ಕಡೆ ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆ: ಯಾವ ಮಗು ಯಾರ ಫೋನಿನಲ್ಲಿ, ಯಾರ ಜಗಲಿಯಲ್ಲಿ, ಯಾವ ಹೊತ್ತಿನಲ್ಲಿ ಕೂರುತ್ತದೆ?

ಹೊತ್ತಿನ ಮಾತು ಬಂತು. ಹುಣಸೂರು, ಪಿರಿಯಾಪಟ್ಟಣದಲ್ಲಿ ಹುಟ್ಟಿದವರಿಗೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಹೊಗೆಸೊಪ್ಪು ಮುರಿಯಬೇಕು, ಕಡ್ಡಿಗೆ ಕಟ್ಟಬೇಕು, ಬ್ಯಾರನ್ ತುಂಬಬೇಕು, ರಾತ್ರಿಯೆಲ್ಲ ಬೆಂಕಿ ಕಾಯಬೇಕು. ಶಾಲೆ ಬಾಗಿಲು ಹಾಕಿದ್ದ ಎರಡು ವರ್ಷವೂ ಮನೆಯ ಎಲ್ಲ ಕೈಗಳೂ ಸೊಪ್ಪಿಗೆ ಬಿದ್ದವು, ಪುಟ್ಟ ಕೈಗಳೂ ಸೇರಿ. ಬೆಳಿಗ್ಗೆ ಹತ್ತಕ್ಕೆ ಲಿಂಕ್ ಕಳಿಸುವ ಆ್ಯಪ್‌ಗೆ ಬ್ಯಾರನ್ ಗೊತ್ತಿಲ್ಲ. ಊರಿನ ಮೇಷ್ಟ್ರಿಗೆ ಗೊತ್ತು. ಯಾರ ಮನೆಯಲ್ಲಿ ಯಾವತ್ತು ಬ್ಯಾರನ್ ಇಳಿಸುತ್ತಾರೆ ಅಂತ ತಿಳಿದಿರುವ ಮೇಷ್ಟ್ರು ರಾತ್ರಿ ಎಂಟಕ್ಕೆ ಫೋನ್ ಮಾಡಿ "ಏನಪ್ಪಾ, ಸೊಪ್ಪಿನ ಕೈ ತೊಳ್ಕಂಡ್ಯಾ? ಬಾ, ಎರಡು ಲೆಕ್ಕ ಮಾಡೋಣ" ಅಂದರೆ ಆ ಹುಡುಗ ಬರುತ್ತಾನೆ. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಸೊಪ್ಪಿನ ಜಾಗದಲ್ಲಿ ನಾಟಿ, ಉಳಿದದ್ದು ಅದೇ ಕಥೆ.

ಎಚ್.ಡಿ. ಕೋಟೆಯದು ಅದೇ ಕಥೆಯಲ್ಲ. ಅಲ್ಲಿನ ಹಾಡಿಗಳ ಜೇನುಕುರುಬ, ಬೆಟ್ಟಕುರುಬ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಶಾಲೆ ಅಂದರೆ ಆಶ್ರಮ ಶಾಲೆ. ಊಟ, ಹಾಸಿಗೆ, ಗೆಳೆಯ, ಮೇಷ್ಟ್ರು ಎಲ್ಲ ಒಂದೇ ಸೂರಿನಡಿ. 2020ರ ಮಾರ್ಚ್‌ನಲ್ಲಿ ಆ ಸೂರಿನಿಂದ ಮಕ್ಕಳನ್ನು ಹೊರಗೆ ಕಳಿಸಿದ್ದೇ ತಡ, ನಂಟು ಪೂರಾ ಕಡಿದುಹೋಯಿತು. ಬೇರೆ ಕಡೆ ಮೇಷ್ಟ್ರು ಪಕ್ಕದೂರಿನವರು, ಸಂತೆಯಲ್ಲಿ ಸಿಗುತ್ತಾರೆ, ಮಗುವಿನ ಅಪ್ಪ ಮೇಷ್ಟ್ರ ಹಳೇ ಶಿಷ್ಯನೇ ಆಗಿರಬಹುದು. ಹಾಡಿಗೂ ಶಾಲೆಗೂ ನಡುವೆ ಅಂಥ ಎರಡನೇ ದಾರಿ ಇಲ್ಲ. ಮನೆಯವರು ಕೊಡಗಿನ ತೋಟಗಳಿಗೆ ಕೂಲಿಗೆ ಹೋದರೆ ಮಕ್ಕಳೂ ಜೊತೆಗೆ ಹೋದರು. ಮನೆಮಾತು ಬೇರೆ, ಪಠ್ಯದ ಕನ್ನಡ ಬೇರೆ. ಎದುರಿಗೆ ಕೂತಾಗ ಮೇಷ್ಟ್ರು ಮುಖ ನೋಡಿ, ಕೈ ತೋರಿಸಿ, ನಕ್ಕು ಆ ಅಂತರ ದಾಟಿಸುತ್ತಿದ್ದರು. ಕೀಪ್ಯಾಡ್ ಫೋನಿನಲ್ಲಿ ಅದು ದಾಟೀತೇ? ಇಂಥ ಮಕ್ಕಳನ್ನು ಲೆಕ್ಕದ ಪುಸ್ತಕದಲ್ಲಿ ‘ಸಂಪರ್ಕಕ್ಕೆ ಸಿಕ್ಕಿಲ್ಲ’ ಅಂತ ಬರೆದು ಪಕ್ಕಕ್ಕಿಡುವುದು ಸುಲಭ. ಸಂಪರ್ಕ ಕಡಿದದ್ದು ಮಗು ಅಲ್ಲ. ಮರಳಿ ಶಾಲೆ ತೆರೆದಾಗ ವಾಪಸು ಬಂದವರನ್ನು ಕರೆತಂದದ್ದು ಯಾವ ಸಂದೇಶವೂ ಅಲ್ಲ. ಹಾಡಿಗೆ ನಡೆದುಹೋದ ಶಿಕ್ಷಕರು, ಅಂಗನವಾಡಿಯವರು, ಮೊದಲು ಓದಿ ಬಂದ ಹಾಡಿಯದೇ ಯುವಕ ಯುವತಿಯರು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಒಡನಾಟ, ನಂಟು ಎಂದ ಕೂಡಲೇ ಹಳ್ಳಿ ಎಂದರೆ ಸ್ವರ್ಗ, ಎಲ್ಲರೂ ಅಣ್ಣತಮ್ಮಂದಿರು ಅಂತ ನಾವು ಹಾಡುತ್ತಿಲ್ಲ. ಹಳ್ಳಿಯಲ್ಲಿ ಹುಟ್ಟಿದವರು ಯಾರೂ ಹಾಗೆ ಹಾಡುವುದಿಲ್ಲ, ಹಾಡುವವರು ವೀಕೆಂಡಿಗೆ ಬರುವವರು. ಶಾಲೆ ಮುಚ್ಚಿದಾಗ ಫೋನ್ ಹಂಚಿಕೊಂಡದ್ದು ಯಾರ ಜೊತೆ ಯಾರು? ಬೀದಿ ಹೇಗಿದೆಯೋ ಹಾಗೆ. ಮೇಲಿನ ಬೀದಿಯ ಹುಡುಗನ ಫೋನು ಮೇಲಿನ ಬೀದಿಯಲ್ಲೇ ಸುತ್ತಿತು. ಕೇರಿಯ ಐದು ಮಕ್ಕಳಿಗೆ ಕೇರಿಯ ಒಂದು ಫೋನು, ಅದೂ ಅಪ್ಪ ಗಾರೆ ಕೆಲಸ ಮುಗಿಸಿ ಸಂಜೆ ಬಂದ ಮೇಲೆ. ಪಾಠವನ್ನು ಊರ ದೇವಸ್ಥಾನದ ಆವರಣದಲ್ಲಿ ಇಟ್ಟುಕೊಂಡರೆ ಯಾವ ಮಕ್ಕಳು ನಿರಾಳವಾಗಿ ಒಳಗೆ ಬಂದು ಕೂರುತ್ತಾರೆ, ಯಾವ ಮಕ್ಕಳು ಅಂಚಿನಲ್ಲಿ ನಿಲ್ಲುತ್ತಾರೆ ಅಂತ ಯೋಜನೆ ಬರೆದವರು ಯೋಚಿಸಿದ್ದರೇ? ಶಾಲೆಯಲ್ಲಿ ಜಾತಿ ಇಲ್ಲ ಅಂತಲ್ಲ. ಆದರೆ ಶಾಲೆಯಲ್ಲಿ ಹಾಜರಿ ಪುಸ್ತಕ ಬೆಂಚು ಹಂಚುತ್ತದೆ, ಒಂದೇ ಪಾತ್ರೆಯ ಬಿಸಿಯೂಟ ಬಡಿಸುತ್ತಾರೆ, ಕಬಡ್ಡಿಯಲ್ಲಿ ಮೈಗೆ ಮೈ ತಾಗುತ್ತದೆ. ಬೀದಿ ಕೊಡದ ಗೆಳೆತನವನ್ನು ಶಾಲೆ ಕೊಡುತ್ತದೆ. ಎಷ್ಟೋ ಸಲ ಅದು ಸಂಜೆ ನಾಲ್ಕೂವರೆಗೆ ಗೇಟಿನ ಹತ್ತಿರ ಮುಗಿದುಹೋಗುತ್ತದೆ, ನಿಜ. ಆದರೂ ಕೇರಿಯ ಹುಡುಗಿಗೆ ಮೇಲಿನ ಬೀದಿಯ ಹುಡುಗಿ ನೋಟ್ಸ್ ಕೊಡುವುದು ಶಾಲೆಯಲ್ಲೇ ಹೊರತು ಬೀದಿಯಲ್ಲಲ್ಲ.

ಹಾಗಾಗಿ ಶಾಲೆ ಕಿತ್ತುಹಾಕಿ ಆನ್‌ಲೈನ್ ಪಾಠ ಕೊಟ್ಟರೆ ಆ ಪಾಠ ಗಾಳಿಯಲ್ಲಿ ನಿಲ್ಲುವುದಿಲ್ಲ, ಊರಿನ ಹಳೆಯ ನಂಟುಗಳ ಮೇಲೆ ಹೋಗಿ ಕೂರುತ್ತದೆ. ಆ ನಂಟುಗಳು ಯಾರನ್ನು ಹೊರಗಿಟ್ಟಿವೆಯೋ ಅವರನ್ನು ಪಾಠವೂ ಹೊರಗಿಡುತ್ತದೆ. ತಂತ್ರಜ್ಞಾನ ಎಲ್ಲರನ್ನೂ ಸಮ ಮಾಡುತ್ತದೆ ಅಂತ ಭಾಷಣ ಮಾಡುವವರು ಒಂದು ಸಲ ನಮ್ಮೂರಿನ ಬೀದಿಯಲ್ಲಿ ಫೋನ್ ಹಿಡಿದು ಈ ತುದಿಯಿಂದ ಆ ತುದಿಗೆ ನಡೆದು ನೋಡಲಿ. ಸಿಗ್ನಲ್ ಎಲ್ಲ ಕಡೆ ಸಿಗುತ್ತದೆ, ಕೂರಲು ಜಾಗ ಎಲ್ಲ ಕಡೆ ಸಿಗುವುದಿಲ್ಲ.

ಹೆಣ್ಣುಮಕ್ಕಳ ವಿಚಾರಕ್ಕೆ ಬನ್ನಿ. ಮನೆಯ ಸ್ಮಾರ್ಟ್‌ಫೋನ್ ಅಣ್ಣನದೋ ತಮ್ಮನದೋ ಆಗಿರುತ್ತದೆ. ಅವನ ನಂಬರಿನಲ್ಲಿ ಕ್ಲಾಸಿನ ಗ್ರೂಪಿಗೆ ಸೇರಿದ ಹುಡುಗಿ ತನ್ನ ಹೆಸರಿನಲ್ಲಿ ಪ್ರಶ್ನೆ ಕೇಳುವುದು ಹೇಗೆ? ತನ್ನದೇ ನಂಬರಿದ್ದರೆ ಇನ್ನೊಂದು ತಲೆನೋವು: ಗ್ರೂಪಿಗೆ ಸೇರಿದರೆ ನೂರು ಜನಕ್ಕೆ ನಂಬರ್ ಸಿಕ್ಕಿದ ಹಾಗೆ, ರಾತ್ರಿ ಹತ್ತಕ್ಕೆ ಅಪರಿಚಿತರ "ಹಾಯ್" ಶುರು. ಅಪ್ಪನಿಗೆ ಗೊತ್ತಾದರೆ ಬೈಗುಳ ಬೀಳುವುದು ಆ "ಹಾಯ್" ಕಳಿಸಿದವನಿಗಲ್ಲ, ಫೋನ್ ಕಿತ್ತುಕೊಳ್ಳುವುದು ಇವಳದೇ. ಸುಮ್ಮನಿರುವುದು ಅವಳಿಗೆ ಆಸಕ್ತಿ ಇಲ್ಲ ಅಂತಲ್ಲ, ಫೋನ್ ಉಳಿಸಿಕೊಳ್ಳುವ ಉಪಾಯ. ಪಕ್ಕದ ಮನೆಯ ಗೆಳತಿಯ ಜೊತೆ ಕೂತು ಒಂದೇ ಇಯರ್‌ಫೋನಿನ ಒಂದೊಂದು ತುದಿ ಕಿವಿಗಿಟ್ಟುಕೊಂಡು ಪಾಠ ಕೇಳಿದ ಹುಡುಗಿಯರು ನಮಗೆ ಗೊತ್ತು. ಅವರು ಪರೀಕ್ಷೆ ಬರೆದರು. ಅಂಥ ಗೆಳತಿ ಇಲ್ಲದವರು ಏನಾದರು? ಗ್ರೂಪಿನಲ್ಲಿ ‘ಲೆಫ್ಟ್’ ಅಂತ ಬೂದು ಬಣ್ಣದ ಒಂದು ಸಾಲು ಬರುತ್ತದೆ. ಆ ಹುಡುಗಿಯ ಮನೆ ಗೊತ್ತಿರುವ ಟೀಚರ್ ಇದ್ದರೆ "ಯಾಕವ್ವಾ, ಮಗಳು ಕಾಣ್ತಿಲ್ಲ?" ಅಂತ ಬಾಗಿಲು ತಟ್ಟುತ್ತಾರೆ, ಮದುವೆ ಮಾತುಕತೆ ನಡೆಯುತ್ತಿದ್ದರೆ ಅದಕ್ಕೊಂದು ಅಡ್ಡಗಾಲೂ ಹಾಕುತ್ತಾರೆ. ಮನೆ ಗೊತ್ತಿಲ್ಲದವರಿಗೆ ಅದು ಬೂದು ಬಣ್ಣದ ಸಾಲು, ಅಷ್ಟೆ.

ಸರ್ಕಾರಕ್ಕೆ ಇದು ತಿಳಿಯದ ವಿಷಯವಲ್ಲ. 2020ರ ಆಗಸ್ಟ್‌ನಲ್ಲಿ ಶುರುವಾದ ವಿದ್ಯಾಗಮ ಈ ತಿಳಿವಳಿಕೆಯ ಮೇಲೇ ನಿಂತಿತ್ತು. ಫೋನಿಲ್ಲದವರು, ಬೇಸಿಕ್ ಫೋನ್ ಇರುವವರು, ಸ್ಮಾರ್ಟ್‌ಫೋನ್ ಇರುವವರು ಅಂತ ಮಕ್ಕಳನ್ನು ಗುರುತಿಸಿ, ಶಿಕ್ಷಕರೇ ಮಕ್ಕಳಿರುವ ಕಡೆ ಹೋದರು. ಮರದಡಿ, ಸಮುದಾಯ ಭವನ, ಖಾಲಿ ಜಗಲಿ. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗಲಿದ ಸುದ್ದಿ ಬಂದು ಗದ್ದಲವೆದ್ದು ಅಕ್ಟೋಬರ್‌ನಲ್ಲಿ ನಿಂತಿತು. ನಿಲ್ಲಿಸಿದ್ದು ತಪ್ಪು ಅಂತ ನಾವು ಹೇಳುವುದಿಲ್ಲ, ಆಗ ಜೀವದ ಪ್ರಶ್ನೆ ಇತ್ತು. ನಮ್ಮ ಸಿಟ್ಟು ಬೇರೆ. ಜೀವಭಯ ಹೋದ ಮೇಲೆ ಸರ್ಕಾರ ನೆನಪಿಟ್ಟುಕೊಂಡದ್ದು ವಿದ್ಯಾಗಮದ ಪಾಠವನ್ನಲ್ಲ, ಟ್ಯಾಬಿನ ಪಾಠವನ್ನು. 2021ರ ಜೂನ್‌ನಲ್ಲಿ ಸರ್ಕಾರಿ ಪದವಿ ಕಾಲೇಜು, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಟ್ಯಾಬ್ ಹಂಚುವ ಕಾರ್ಯಕ್ರಮ ನಡೆಯಿತು. ಟ್ಯಾಬ್ ಬೇಡ ಅನ್ನುವಷ್ಟು ಶ್ರೀಮಂತರು ನಾವಲ್ಲ. ಆದರೆ ಟ್ಯಾಬ್ ಕೈಗಿಟ್ಟು ಫೋಟೊ ತೆಗೆಸಿಕೊಂಡ ಮೇಲೆ, ಆ ಟ್ಯಾಬಿನ ಆಚೆ ಬದಿಯಲ್ಲಿ ಯಾರಿದ್ದಾರೆ ಅಂತ ಕೇಳಿದವರು ಯಾರು?

ಆಚೆ ಬದಿಯಲ್ಲಿ ಇರುವವರು ಅತಿಥಿ ಉಪನ್ಯಾಸಕರು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಹೀಗೆ ದುಡಿಯುತ್ತಿದ್ದಾರೆ. 2023ರ ನವೆಂಬರ್‌ನಿಂದ ಬೀದಿಯಲ್ಲಿ ಕೂತು ಕಾಯಂ ಮಾಡಿ ಅಂತ ಕೇಳಿದರು, ಸಿಕ್ಕಿದ್ದು ಗೌರವಧನ ಏರಿಕೆ. ಈ ವರ್ಷ ಪಿರಿಯಾಪಟ್ಟಣ, ಮುಂದಿನ ವರ್ಷ ಇನ್ನೆಲ್ಲೋ. ವಿದ್ಯಾರ್ಥಿಯ ಹೆಸರು ಬಾಯಿಗೆ ಬರುವಷ್ಟರಲ್ಲಿ ಕೌನ್ಸೆಲಿಂಗ್ ಬಂದಿರುತ್ತದೆ. ಹೀಗೆ ನಂಟು ಬೆಳೆಯಲು ಬಿಡದವರೇ ಆನ್‌ಲೈನ್ ಕೋರ್ಸುಗಳಲ್ಲಿ ಹಳ್ಳಿ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆ ಸಾಲದು ಅಂತ ಕೊರಗುತ್ತಾರೆ. ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಶೇ. 40ರವರೆಗಿನ ಕೋರ್ಸುಗಳನ್ನು ಸ್ವಯಂ ಜಾಲತಾಣದ ಮೂಲಕ ಮುಗಿಸಲು ಕಾಲೇಜುಗಳು ಅವಕಾಶ ಕೊಡಬಹುದು. ಖಾಲಿ ಹುದ್ದೆ ತುಂಬದೆ ಇರುವುದಕ್ಕೆ ಇದಕ್ಕಿಂತ ಒಳ್ಳೆಯ ನೆಪ ಸಿಗಲಾರದು ಎಂಬ ಭಯ ನಮ್ಮದು.

"ಯೂಟ್ಯೂಬ್ ನೋಡಿಕೊಂಡೇ ಪಾಸಾದವರಿಲ್ಲವೇ? ಮನಸ್ಸಿದ್ದರೆ ಮಾರ್ಗ" ಅನ್ನುವ ಅಣ್ಣಂದಿರಿದ್ದಾರೆ. ಇದ್ದಾರೆ ಸ್ವಾಮಿ, ಪಾಸಾದವರು. ಅವರು ಎಲ್ಲಿ ಕೂತು ಓದಿದರು ಕೇಳಿ. ತಾಲ್ಲೂಕು ಲೈಬ್ರರಿಯಲ್ಲಿ ಅದೇ ಮೂಲೆಯಲ್ಲಿ ದಿನಾ ಕೂರುವ ನಾಲ್ಕು ಜನರ ಜೊತೆ, ಮಧ್ಯಾಹ್ನ ಒಂದೇ ಟೀಯನ್ನು ಬೈಟು ಮಾಡಿಕೊಂಡು. ಒಂಟಿಯಾಗಿ ತೆರೆಯ ಮುಂದೆ ಕೂತವರ ಗತಿ ಹಾರ್ವರ್ಡ್, ಎಂಐಟಿಯ ಲೆಕ್ಕದಲ್ಲೇ ಇದೆ. ಆ ಎರಡು ದೊಡ್ಡ ವಿಶ್ವವಿದ್ಯಾಲಯಗಳ ಉಚಿತ ಆನ್‌ಲೈನ್ ಕೋರ್ಸುಗಳಿಗೆ 2017-18ರಲ್ಲಿ ಸೇರಿದವರಲ್ಲಿ ಮುಗಿಸಿದವರು ನೂರಕ್ಕೆ ಮೂರು ಚಿಲ್ಲರೆ. ಅವರಲ್ಲಿ ಎಷ್ಟೋ ಮಂದಿಗೆ ಒಳ್ಳೆಯ ನೆಟ್‌ವರ್ಕ್, ಇಂಗ್ಲಿಷ್, ಲ್ಯಾಪ್‌ಟಾಪ್ ಎಲ್ಲ ಇತ್ತು. ದೂರಶಿಕ್ಷಣವನ್ನೇ ಕಸುಬು ಮಾಡಿಕೊಂಡಿರುವ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ ಕೂಡ ಸಂಪರ್ಕ ತರಗತಿ ಇಟ್ಟುಕೊಂಡಿದೆ. ಅಂಚೆಯಲ್ಲಿ ಪುಸ್ತಕ ಬಂದರೆ ಸಾಲದು, ವರ್ಷಕ್ಕೆ ಕೆಲವು ದಿನವಾದರೂ ಎದುರಾಬದುರು ಕೂರಬೇಕು ಅಂತ ಅಂಚೆ ಶಿಕ್ಷಣದ ಕಾಲದವರಿಗೇ ಗೊತ್ತಿತ್ತು.

ಆಫ್ರಿಕಾದ ಬೋಟ್ಸ್‌ವಾನಾದಲ್ಲಿ 2020ರಲ್ಲಿ ಒಂದು ಪ್ರಯೋಗ ನಡೆಯಿತು. ಸುಮಾರು 4,500 ಮನೆಗಳು. ಒಂದು ಗುಂಪಿಗೆ ವಾರವಾರ ಲೆಕ್ಕದ ಎಸ್ಸೆಮ್ಮೆಸ್ ಮಾತ್ರ. ಇನ್ನೊಂದು ಗುಂಪಿಗೆ ಎಸ್ಸೆಮ್ಮೆಸ್ ಜೊತೆ ಹದಿನೈದು ಇಪ್ಪತ್ತು ನಿಮಿಷದ ಫೋನ್ ಕರೆ. ಇಂಟರ್ನೆಟ್ ಇಲ್ಲ, ವಿಡಿಯೊ ಇಲ್ಲ. ಬರೀ ಎಸ್ಸೆಮ್ಮೆಸ್ ಬಂದ ಮಕ್ಕಳಿಗೆ ಅಂಥ ಲಾಭವಾಗಲಿಲ್ಲ. ಒಬ್ಬ ಮನುಷ್ಯ ವಾರಕ್ಕೊಮ್ಮೆ ಫೋನ್ ಮಾಡಿ ಮಾತಾಡಿದ ಮಕ್ಕಳ ಲೆಕ್ಕ ಸುಧಾರಿಸಿತು. ಇದೇ ಜಾಡಿನಲ್ಲಿ ನಮ್ಮ ರಾಜ್ಯದಲ್ಲೂ ‘ಗಣಿತ ಗಣಕ’ ಬಂದಿದೆ, ಮೂರರಿಂದ ಐದನೇ ತರಗತಿಯ ಮಕ್ಕಳಿಗೆ ಸರ್ಕಾರಿ ಶಾಲೆಯ ಶಿಕ್ಷಕರೇ ಫೋನ್ ಮಾಡಿ ಲೆಕ್ಕ ಹೇಳಿಕೊಡುತ್ತಾರೆ. ಹಗಲು ಕಂಡ ಮೇಷ್ಟ್ರ ದನಿಯೇ ಸಂಜೆ ಫೋನಿನಲ್ಲಿ. ಇದನ್ನು ನಾವು ಮೆಚ್ಚುತ್ತೇವೆ. ಮೆಚ್ಚಿದ ಉಸಿರಿನಲ್ಲೇ ಒಂದು ಪ್ರಶ್ನೆ: ಗಣತಿ, ಚುನಾವಣೆ, ಮೊಟ್ಟೆ ಲೆಕ್ಕ, ಹತ್ತಾರು ಆ್ಯಪ್‌ಗೆ ಫೋಟೊ ಏರಿಸುವ ಕೆಲಸ ಮುಗಿಸಿದ ಮೇಲೆ ಆ ಮೇಷ್ಟ್ರಿಗೆ ಫೋನ್ ಮಾಡುವ ಉಸಿರು ಉಳಿದಿರುತ್ತದೆಯೇ?

ನಾವು ಕೇಳುವುದು ದುಬಾರಿಯದ್ದಲ್ಲ. ಪಿಯುಸಿಗೋ ಪದವಿಗೋ ಹೊಸದಾಗಿ ಸೇರಿದವರಿಗೆ ಮೊದಲ ತಿಂಗಳು ಒಂದೇ ಒಂದು ಆನ್‌ಲೈನ್ ಕ್ಲಾಸು ಇಡಬೇಡಿ, ಮೊದಲು ಅವರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವ ಹಾಗಾಗಲಿ. ಆನ್‌ಲೈನ್ ಕೆಲಸ ಕೊಡಲೇಬೇಕಿದ್ದರೆ ನಾಲ್ಕೈದು ಜನರ ಗುಂಪಿಗೆ ಕೊಡಿ. ಗುಂಪು ಮಾಡುವಾಗ ಬೀದಿ ನೋಡಿ ಮಾಡಬೇಡಿ, ಬೀದಿಗಳನ್ನು ಬೆರೆಸಿ ಮಾಡಿ, ಹೆಣ್ಣುಮಕ್ಕಳ ನಂಬರ್ ಎಲ್ಲರಿಗೂ ಕಾಣದ ಹಾಗೆ ವ್ಯವಸ್ಥೆ ಮಾಡಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಅಂತ ಚೆಂದದ ಹೆಸರಿಟ್ಟಿದ್ದೀರಿ, 2020ರ ನವೆಂಬರ್‌ನಿಂದ ‘ಓದುವ ಬೆಳಕು’ ಅಂತ ಮಕ್ಕಳಿಗೆ ಉಚಿತ ಸದಸ್ಯತ್ವವನ್ನೂ ಕೊಟ್ಟಿದ್ದೀರಿ. ಅವುಗಳ ಬಾಗಿಲನ್ನು ಮಕ್ಕಳು ಬಸ್ಸಿಳಿದು ಬರುವ ಹೊತ್ತಿಗೂ ತೆರೆದಿಡಿ, ಎಲ್ಲ ಬೀದಿಯವರೂ ಕೂರಬಹುದಾದ ಜಾಗ ಊರಲ್ಲಿ ಅದೊಂದಾದರೂ ಇರಲಿ. ಹಾಡಿಯ ಮಕ್ಕಳಿಗೆ ಟ್ಯಾಬ್ ಕೊಡುವ ಮೊದಲು ಹಾಡಿಯಲ್ಲೇ ಓದಿ ಬೆಳೆದ ಒಬ್ಬರಿಗೆ ಸಂಬಳ ಕೊಟ್ಟು, ಮಕ್ಕಳ ಜೊತೆ ಕೂರಿಸಿ. ಶಕ್ತಿ ಯೋಜನೆಯ ಟಿಕೆಟ್ ಹಿಡಿದು ಕಾಲೇಜಿಗೆ ಬರುವ ಹುಡುಗಿಯರಿಗೆ ಬೆಳಿಗ್ಗೆ ಎಂಟರ ಬಸ್ಸಿನಲ್ಲಿ ಕಾಲಿಡಲು ಜಾಗ ಇರಲಿ, ಇನ್ನೊಂದು ಬಸ್ ಬಿಡಿ. ಬಸ್ಸಿಗೂ ಆನ್‌ಲೈನ್ ಕಲಿಕೆಗೂ ಏನು ಸಂಬಂಧ ಅಂತ ಕೇಳುವ ಅಧಿಕಾರಿಗಳು ಒಂದು ವಾರ ಆ ಬಸ್ಸಿನಲ್ಲಿ ಓಡಾಡಲಿ. ಯಾರ ನೋಟ್ಸ್ ಯಾರ ಕೈಗೆ ಹೋಗುತ್ತದೆ, ಯಾರ ಹಾಟ್‌ಸ್ಪಾಟ್ ಯಾರಿಗೆ ಆನ್ ಆಗುತ್ತದೆ, ರಾತ್ರಿ ಯಾರು ಯಾರಿಗೆ ಫೋನ್ ಮಾಡುತ್ತಾರೆ ಎಂಬುದೆಲ್ಲ ಅಲ್ಲೇ ತೀರ್ಮಾನವಾಗುವುದು ಅವರ ಕಣ್ಣಿಗೂ ಬೀಳುತ್ತದೆ.

ಇಷ್ಟೂ ಮಾಡಲು ಖಾಲಿ ಹುದ್ದೆ ತುಂಬಬೇಕು. ಮುಂದಿನ ಪ್ರವೇಶ ಶುರುವಾಗುವ ಮೊದಲು ನಮ್ಮ ನಾಲ್ಕೂ ತಾಲ್ಲೂಕಿನ ಸರ್ಕಾರಿ ಪಿಯು ಮತ್ತು ಪದವಿ ಕಾಲೇಜುಗಳು, ಯಾವ ವಿಷಯಕ್ಕೆ ಕಾಯಂ ಉಪನ್ಯಾಸಕರಿದ್ದಾರೆ, ಯಾವುದಕ್ಕೆ ಅತಿಥಿಗಳು, ಯಾವುದಕ್ಕೆ ಯಾರೂ ಇಲ್ಲ ಎಂಬ ಪಟ್ಟಿಯನ್ನು ಗೇಟಿನ ಬೋರ್ಡಿಗೆ ಅಂಟಿಸಲಿ. ಅಂಟಿಸದ ಕಾಲೇಜುಗಳಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಲು ನಾವು ಕೂತಿದ್ದೇವೆ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಆಗಲೇ ತಂದಿಟ್ಟುಕೊಂಡಿದ್ದೇವೆ.